ತಂತಿ ಪಳಗುವ ತನಕ

ಸೊಸೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಂಜೆಗೆ ಅತ್ತೆ ಆಸ್ಪತ್ರೆಯಿಂದ ಬರುತ್ತಾರೆ. ಇಲ್ಲಿ ನೋಡಿದರೆ ಗಿಟಾರಿನ ಹೊಸ ತಂತಿಗಳು ಹಟಮಾರಿ ಮಕ್ಕಳ ಹಾಗೆ ಮಾತು ಕೇಳುತ್ತಿಲ್ಲ. ಶ್ರುತಿಗೆ ತಂದಿಟ್ಟು ಒಲೆಯ ಕಡೆ ಹೋಗಿಬರುವಷ್ಟರಲ್ಲಿ ಇಳಿದಿರುತ್ತವೆ. ನೈಲಾನಿನ ಗುಣವೇ ಅದು. ಹಿಗ್ಗುವಷ್ಟು ಹಿಗ್ಗಿ, ತನಗೆ ಸಾಕೆನಿಸಿದ ಮೇಲೇ ನಿಲ್ಲುವುದು. ನಾಲ್ಕಾರು ದಿನ ಬೇಕು ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಅವಳು ಒಂದೊಂದು ತಂತಿಯನ್ನೂ ಬೆರಳಲ್ಲಿ ಎತ್ತಿ ಮೆಲ್ಲಗೆ ಜಗ್ಗಿದಳು, ಮತ್ತೆ ತಂತಿ ಬಿಗಿಯುವ ಬಿರಡೆ ತಿರುವಿದಳು, ದೇವರೇ, ಇವತ್ತೊಂದು ದಿನ ನಿಲ್ಲಿಸಿಕೊಡಪ್ಪಾ ಎಂದು ಬೇಡಿಕೊಂಡಳು.

ಅಳುಕು ಇನ್ನೊಂದಿತ್ತು. ಅತ್ತೆ ಜೀವಮಾನವಿಡೀ ಬೆರಳೂರಿ ಒತ್ತಬೇಕಾದ ಬಿಗಿ ತಂತಿಯಲ್ಲೇ ನುಡಿಸಿದವರು, ಕಲಿಸಿದವರು. ಪಾರ್ಶ್ವವಾಯು ಬಡಿದು ಎಡಗೈ ಸೋತಿತ್ತು. ತಂತಿ ಒತ್ತಬೇಕಾದದ್ದೂ ಅದೇ ಕೈ. ಬಿಗಿಯದು ಇನ್ನು ಆಗದು ಎಂದು ಇವಳು ಯಾರನ್ನೂ ಕೇಳದೆ ಮೆದು ತಂತಿ ತಂದು ಕಟ್ಟಿದ್ದಳು. ಬೆರಳಿಗೆ ಬಲ ಬರಲೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಅತ್ತೆ ಮಂಚದಡಿಗೆ ಉರುಳಿಸಿಬಿಟ್ಟಿದ್ದರು. ಗಿಟಾರನ್ನೂ ದೂರ ತಳ್ಳಿದರೆ ಆ ಕೈಯ ಕಥೆ ಮುಗಿದ ಹಾಗೆಯೇ.

ಮಗನ ಹೆಗಲು ಹಿಡಿದು ಬಂದ ಅತ್ತೆ ಕುರ್ಚಿಯಲ್ಲಿ ಕೂತರು. ಗಿಟಾರಿನ ಕಡೆ ಕಣ್ಣು ಹಾಯಿಸಲಿಲ್ಲ. ಸೊಸೆಯೇ ಅದನ್ನು ತಂದು ಅವರ ತೊಡೆಯ ಮೇಲಿಟ್ಟಳು. ಬಲಗೈ ಹೆಬ್ಬೆರಳು ಒಂದು ತಂತಿ ಸವರಿತು, ಅಷ್ಟೆ, ಮುಖ ಗಂಟಾಯಿತು.

"ಯಾರದ್ದಿದು ಕೆಲಸ? ಕಲಿಯೋ ಮಕ್ಕಳಿಗೆ ಕಟ್ಟೋ ತಂತಿ."

"ನಂದೇ, ಅತ್ತೆ. ಬೇಡ ಅಂದ್ರೆ ನಾಳೆ ಬಿಚ್ತೀನಿ."

"ನಾಳೆ ತನಕ ಈ ಅಪಸ್ವರ ಯಾರು ಕೇಳೋದು?"

ಸೊಸೆ ಬಿರಡೆಗೆ ಕೈ ಚಾಚಿದಳು. ನಿನ್ನ ಕಿವಿ ನಂಬೋ ಹಾಗಿಲ್ಲ, ಅತ್ಲಾಗೆ ಸರಿ ಎಂದು ಅವಳನ್ನು ಗದರಿ, ಅತ್ತೆ ತಮ್ಮ ಎಡಗೈಯನ್ನೇ ಎತ್ತಿದರು. ಅದು ನಡುಗಿತು, ಜಾರಿತು, ಮತ್ತೆ ಹಿಡಿಯಿತು. ಬಿರಡೆ ಕೂದಲೆಳೆಯಷ್ಟು ತಿರುಗಿತು. ಚೆಂಡು ಹಿಸುಕಲೊಲ್ಲದ ಬೆರಳು ಕಿವಿಯ ಮಾತನ್ನು ಮಾತ್ರ ಕೇಳಿತ್ತು.

ಬೆಳಗಾದರೆ ತಂತಿ ಮತ್ತೆ ಇಳಿದಿರುತ್ತಿತ್ತು. ಅತ್ತೆ ತಂತಿಯನ್ನು, ಅಂಗಡಿಯವನನ್ನು, ಸೊಸೆಯ ಬುದ್ಧಿಯನ್ನು ಸಾಲಾಗಿ ಬೈಯುತ್ತ ಬಿರಡೆ ತಿರುವುತ್ತಿದ್ದರು. ಬೈಗುಳ ಏರಿದ ಹಾಗೆ ಹಿಡಿತವೂ ಏರಿತು. ಈಗ ಸೊಸೆಗೆ ಬೇರೆಯದೇ ಕಳವಳ: ತಂತಿ ಪಳಗಿಬಿಟ್ಟರೆ ಆ ಕೈಗೆ ಕೆಲಸವೆಲ್ಲಿ? ಮೊನ್ನೆ ನಿಲ್ಲಿಸಿಕೊಡು ಎಂದು ಬೇಡಿದ ದೇವರ ಮುಂದೆ, ಈಗ ನಿಲ್ಲಿಸಬೇಡ ಎನ್ನಲು ಅವಳಿಗೆ ನಾಚಿಕೆ.

ಒಂದು ಬೆಳಿಗ್ಗೆ ತಂತಿಗಳೆಲ್ಲ ಶ್ರುತಿಯಲ್ಲೇ ನಿಂತಿದ್ದವು. ಅತ್ತೆ ಮುಖ ತೊಳೆಯಲು ಹೋದದ್ದನ್ನು ನೋಡಿ ಅವಳು ಕಳ್ಳಹೆಜ್ಜೆಯಲ್ಲಿ ಬಂದು ಒಂದು ಬಿರಡೆ ಸಡಿಲಿಸಿದಳು.

ಅತ್ತೆ ಬಂದು ಕೂತು ಮೀಟಿದರು. ತಲೆ ಓರೆ ಮಾಡಿ ಕೇಳಿದರು.

"ತಾನಾಗಿ ಇಳಿಯೋ ತಂತಿ ಇಷ್ಟು ಇಳಿಯಲ್ಲ," ಎಂದರು, ಸೊಸೆಯ ಕಡೆ ನೋಡದೆಯೇ.

ಅವರ ಎಡಗೈ ಮೇಲೆದ್ದು ಬಿರಡೆ ಹುಡುಕಿತು.

"ಇಳಿಸೋದಾದ್ರೆ ಎಲ್ಲಾನೂ ಇಳಿಸಬೇಕಿತ್ತು ಕಣೇ. ಇದೊಂದಕ್ಕೆ ನಂಗೆ ಎಷ್ಟು ಹೊತ್ತು ಹಿಡಿಯುತ್ತೆ?"