ಚಾದರದ ಕೆಳಗಿನ ಕೈ

ಮರ್ದಾನಸಾಬ ಆ ಮುಷ್ಟಿಯನ್ನು ಮತ್ತೊಮ್ಮೆ ಬಿಡಿಸಿದ. ಬಿಸಿನೀರು ಹಾಕಿ, ಬೆರಳುಗಳನ್ನು ಒಂದೊಂದಾಗಿ ನೀವಿ, ಅಂಗೈಯನ್ನು ತೊಡೆಯ ಪಕ್ಕಕ್ಕೆ ಚಪ್ಪಟೆಯಾಗಿ ಇಟ್ಟ. ಸೋಪು ತೆಗೆದುಕೊಂಡು ತಿರುಗುವಷ್ಟರಲ್ಲಿ ಹೆಣದ ಬಲಗೈ ಮೊದಲಿನಂತೆಯೇ ಮುಚ್ಚಿಕೊಂಡಿತ್ತು.

"ಒಳಗ ಏನರೆ ಐತೇನ್ರಿ ಚಾಚಾ?" ನೀರು ಹಾಕುತ್ತಿದ್ದ ಅಕ್ಬರಸಾಬ ಕೇಳಿದ. ಸತ್ತವನು ಅವನ ತಂದೆ ಖಾಸಿಂಸಾಬ.

"ಏನೂ ಇಲ್ಲ. ಆದ್ರ ಏನೋ ಹಿಡಕೊಂಡಾಂಗ ಐತಿ ನೋಡು."

ಮರ್ದಾನಸಾಬ ತನ್ನ ಬೆರಳು ತೂರಿಸಿ ನೋಡಿದ. ಮುಷ್ಟಿಯ ನಡುವೆ ಒಂದು ಹೆಬ್ಬೆರಳು ಹಿಡಿಸುವಷ್ಟು ಪೊಳ್ಳು ಇತ್ತು. ಬೆಟಗೇರಿಯಲ್ಲಿ ಎಷ್ಟೋ ಹೆಣ ತೊಳೆದ ಮನುಷ್ಯ, ಕೈ ಸೆಟೆಯುವುದು ಅವನಿಗೇನೂ ಹೊಸದಲ್ಲ. ಆದರೂ ಬೆರಳನ್ನು ಬೇಗನೆ ಹೊರಗೆ ಎಳೆದುಕೊಂಡ.

"ಇರಲಿ ಬಿಡು. ಹಿಂಗ ಕಫನದ ಬಟ್ಟಿ ಸುತ್ತೂಣು," ಎಂದ.

ಅಂಗಳದ ಬೇವಿನ ಮರದ ಕೆಳಗೆ ಜನ ಸೇರಿದ್ದರು. ಖಾಸಿಂಸಾಬ ದೊಡ್ಡ ಮನುಷ್ಯನೇನೂ ಅಲ್ಲ, ಮುಂಡರಗಿ ಸಂತೆಯಲ್ಲಿ ದನದ ದಲಾಲಿ. ಆದರೆ ಆ ಸೀಮೆಯಲ್ಲಿ ಟಿಕೀಟು ಇಟ್ಟು ನಡೆಸುವ ದೊಡ್ಡ ಕುಸ್ತಿಗಳಿಗೆಲ್ಲ ಜೋಡಿ ಕಟ್ಟುತ್ತಿದ್ದವನೂ ಅವನೇ. ಯಾವ ಪೈಲವಾನನ ಎದುರು ಯಾರನ್ನು ನಿಲ್ಲಿಸಬೇಕೆಂಬುದು ಅವನ ಟವೆಲ್ಲಿನ ಕೆಳಗೆ ತೀರ್ಮಾನವಾಗುತ್ತಿತ್ತು. ಹೀಗಾಗಿ ಕುಸ್ತಿ ನಡೆಸುವ ಇಬ್ಬರು ಸಾಹುಕಾರರೂ ಬಂದಿದ್ದರು, ಬೆಟಗೇರಿಯ ಪುಂಡಲೀಕಪ್ಪ ಮತ್ತು ಲಕ್ಷ್ಮೇಶ್ವರದ ಹುಚ್ಚೀರಪ್ಪ. ಒಂದೇ ಮರದ ಕೆಳಗೆ ಒಬ್ಬ ಆಚೆ, ಒಬ್ಬ ಈಚೆ. ಇವನ ಪೋಸ್ಟರನ್ನು ಅವನು ಹರಿಸುವುದು, ಅವನು ಕರೆಸಿದ ಪೈಲವಾನನನ್ನು ಇವನು ಸ್ಟೇಶನ್ನಿನಿಂದಲೇ ಕಾರಿನಲ್ಲಿ ಎತ್ತಿಕೊಂಡು ಹೋಗುವುದು, ಇದು ವರ್ಷಗಟ್ಟಲೆ ನಡೆದ ಪ್ರೀತಿ.

ಈ ಸಲ ಇಬ್ಬರೂ ಒಂದೇ ಭಾನುವಾರಕ್ಕೆ ಕುಸ್ತಿ ಸಾರಿದ್ದರು. ಹುಚ್ಚೀರಪ್ಪನ ಪೋಸ್ಟರಿನಲ್ಲಿ ಮಿರಜದ ದೈತ್ಯ ಪೈಲವಾನನ ಎದುರಿಗೆ ಅಕ್ಬರಸಾಬನ ಹೆಸರು ದಪ್ಪ ಅಕ್ಷರದಲ್ಲಿತ್ತು.

ಜನಾಜಾ ಎತ್ತುವ ಮೊದಲು ಖಾಸಿಂಸಾಬನ ಹೆಂಡತಿ ದಿಲಶಾದಬಿ ಮಗನನ್ನು ಬಾಗಿಲ ಮರೆಗೆ ಕರೆದಳು. ಅತ್ತು ಅತ್ತು ಅವಳ ದನಿ ಒಡೆದುಹೋಗಿತ್ತು.

"ಆ ಕುಸ್ತಿ ಹಿಡೀಬ್ಯಾಡ. ನಿಮ್ಮ ಅಬ್ಬಾ ಒಲ್ಲೆ ಅಂದು ಬಂದಿದ್ರು. ನನ್ನ ಮುಂದ ಹೇಳ್ಯಾರ."

"ಅಬ್ಬಾ ಮಾತು ಕೊಟ್ಟಾರ ಅಂತ ಸಾವಕಾರ ಊರತುಂಬ ಪೋಸ್ಟರ್ ಹಚ್ಚ್ಯಾನಮ್ಮಾ. ನಾ ಹಿಂದ ಸರದ್ರ ಅವರ ಮಾತು ಸುಳ್ಳಾತಲ್ಲ."

"ಹರ್ತಿ ದ್ಯಾಮಪ್ಪನ ಕುತ್ತಿಗಿ ನೋಡಿಯಿಲ್ಲೋ ನೀ?"

ಅಕ್ಬರಸಾಬ ಹೊರಗೆ ಬಂದು ಜನಾಜಾಕ್ಕೆ ಹೆಗಲು ಕೊಟ್ಟ.

*

ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಬಲಗೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಖಾಸಿಂಸಾಬ ಅದನ್ನೇ ಕುಸ್ತಿಗೂ ತಂದಿದ್ದ. ಐದೂ ಬೆರಳು ಕೂಡಿಸಿ ಹಿಡಿದರೆ ಜೋಡಿ ಖಾಯಂ. ಎದುರಿನವನ ಹೆಬ್ಬೆರಳೊಂದನ್ನೇ ಮುಷ್ಟಿಯೊಳಗೆ ಹಿಡಿದು ಒತ್ತಿದರೆ ಜೋಡಿ ಇಲ್ಲ, ಇನ್ನೊಮ್ಮೆ ಕೇಳಲೂ ಬಾರದು.

ಕೆಲವು ವರ್ಷಗಳ ಹಿಂದೆ ಶಿರಹಟ್ಟಿಯ ಕುಸ್ತಿಗೆ ಹುಚ್ಚೀರಪ್ಪ ಹರ್ತಿಯ ದ್ಯಾಮಪ್ಪನನ್ನು ಕೇಳಿದ್ದ. ಎದುರಾಳಿ ತೂಕದಲ್ಲಿ ಅವನ ಒಂದೂವರೆ ಪಟ್ಟು. ಖಾಸಿಂಸಾಬ ಟವೆಲ್ಲಿನ ಕೆಳಗೆ ಬಹಳ ಹೊತ್ತು ಕೈ ಸುಮ್ಮನೆ ಇಟ್ಟುಕೊಂಡಿದ್ದು, ಸಾಹುಕಾರನ ದಾಕ್ಷಿಣ್ಯಕ್ಕೆ ಬಿದ್ದು, ಕೊನೆಗೆ ಐದು ಬೆರಳು ಕೊಟ್ಟ. ಚಪ್ಪಾಳೆ ನಿಲ್ಲುವ ಮೊದಲೇ ಕುಸ್ತಿ ಮುಗಿಯಿತು. ದ್ಯಾಮಪ್ಪ ಬದುಕಿದ, ಕುತ್ತಿಗೆ ಮಾತ್ರ ಮತ್ತೆ ತಿರುಗಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಈಗಲೂ ಮೈಯನ್ನೆಲ್ಲ ತಿರುಗಿಸುತ್ತಾನೆ. ಖಾಸಿಂಸಾಬ ಆ ಕಡೆ ಹೋದಾಗಲೆಲ್ಲ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಬೀಡಿ ಸೇದಿ ಬರುತ್ತಿದ್ದ. ಇಬ್ಬರೂ ಶಿರಹಟ್ಟಿಯ ಸುದ್ದಿ ಎತ್ತುತ್ತಿರಲಿಲ್ಲ.

ಕಳೆದ ಸಂತೆಯ ದಿನ ಹುಚ್ಚೀರಪ್ಪ ಮತ್ತೆ ಬಂದ.

"ನಿನ್ನ ಮಗನ್ನ ಮಿರಜದವನ ಜೋಡಿ ಹಿಡಸೂಣು, ಖಾಸಿಂ. ಆವತ್ತ ಪುಂಡಲೀಕನ ಅಖಾಡದಾಗ ಕಾಗಿ ಕುಂಡ್ರಬೇಕು, ಅಂಥಾ ಕುಸ್ತಿ ಆಗತೈತಿ."

ಖಾಸಿಂಸಾಬ ಟವೆಲ್ ಹೊದಿಸಿ, ಸಾಹುಕಾರನ ಹೆಬ್ಬೆರಳನ್ನು ಹಿಡಿದ. ಒತ್ತಿದ. ಒತ್ತುತ್ತಲೇ ಇದ್ದ.

"ತಿಳೀತು ಬಿಡು," ಎಂದ ಹುಚ್ಚೀರಪ್ಪ ನಗುತ್ತ. ಆಮೇಲೆ ನಗು ನಿಲ್ಲಿಸಿ, "ಬಿಡೋ ಮಾರಾಯಾ," ಎಂದ. ಎಷ್ಟೋ ಹೊತ್ತಿನ ಮೇಲೆ ಕೈ ಸಡಿಲವಾಯಿತು.

ಅದಾದ ಎರಡು ದಿನಕ್ಕೆ ಖಾಸಿಂಸಾಬ ಎದೆನೋವು ಬಂದು ಹಾಸಿಗೆ ಹಿಡಿದ. ಬದುಕುವುದು ಕಷ್ಟವೆಂಬ ಖಬರು ಲಕ್ಷ್ಮೇಶ್ವರಕ್ಕೆ ಮುಟ್ಟಿದ ದಿನವೇ ಹುಚ್ಚೀರಪ್ಪ ಪೋಸ್ಟರ್ ಅಚ್ಚಿಗೆ ಕೊಟ್ಟ.

*

ಖಬರಸ್ತಾನದ ಅಂಚಿನಲ್ಲಿ ಜನಾಜಾ ಇಳಿಸಿದರು. ಹಸಿರು ಚಾದರದ ಮೇಲೆ ಮಲ್ಲಿಗೆ ಬಾಡುತ್ತಿತ್ತು. ನಮಾಜಿಗೆ ನಿಲ್ಲುವ ಮೊದಲು ಸತ್ತವನ ಬಾಕಿಯನ್ನೆಲ್ಲ ಮಗ ಕೇಳಿ ತನ್ನ ಮೇಲೆ ತೆಗೆದುಕೊಳ್ಳುವುದು ಪದ್ಧತಿ. ಅಕ್ಬರಸಾಬ ಮುಂದೆ ಬಂದು ನಿಂತ.

"ನಮ್ಮ ಅಬ್ಬಾ ಯಾರಿಗರೆ ಏನರೆ ಕೊಡೂದಿದ್ರ, ಮಾತು ಕೊಟ್ಟಿದ್ರ, ಈಗ ಹೇಳ್ರಿ. ಇನ್ನ ಅದು ನನ್ನ ಮ್ಯಾಲ."

ಹುಚ್ಚೀರಪ್ಪ ಗಂಟಲು ಸರಿಪಡಿಸಿಕೊಂಡ.

"ರೊಕ್ಕದ್ದೇನಿಲ್ಲಪಾ. ಒಂದು ಮಾತೈತಿ. ಮಿರಜದವನ ಜೋಡಿ ನಿನ್ನ ಕುಸ್ತಿಗೆ ಖಾಸಿಂ ನನಗ ಐದೂ ಬೆರಳು ಕೊಟ್ಟಾನ."

"ಸಾಕ್ಷಿ ಯಾರದಾರ?" ಪುಂಡಲೀಕಪ್ಪ ತಟ್ಟನೆ ಕೇಳಿದ. ಅವನಿಗೆ ಅಕ್ಬರಸಾಬನ ಕುತ್ತಿಗೆಗಿಂತ ತನ್ನ ಭಾನುವಾರದ ಚಿಂತೆ ಹೆಚ್ಚು.

"ಟವೆಲ್ ಕೆಳಗಿನ ಮಾತಿಗೆ ಸಾಕ್ಷಿ ಯಾರಿರತಾರ? ನಾನು, ಅವ. ಅವ ಹ್ವಾದ."

ಅಕ್ಬರಸಾಬ ಬಿಳಿಚಿಕೊಂಡ. ತಾಯಿಯ ಮಾತು ಅವನಿಗೆ ನೆನಪಿತ್ತು. ಆದರೆ ತಂದೆಯ ಹೆಣದ ಮುಂದೆ ನಿಂತು, ಇಷ್ಟು ಜನರ ಎದುರು ಈಗತಾನೇ ಹೊತ್ತುಕೊಂಡ ಮಾತನ್ನು ಹೇಗೆ ಇಳಿಸುವುದು?

"ಕೊಟ್ಟಿದ್ರ ಹಿಡೀತೀನ್ರಿ," ಎಂದ.

ಆಗ ಗುಂಪಿನ ಅಂಚಿನಲ್ಲಿದ್ದ ಒಬ್ಬ ಮೈಯನ್ನೆಲ್ಲ ತಿರುಗಿಸಿ ಹುಚ್ಚೀರಪ್ಪನನ್ನು ನೋಡಿದ. ದ್ಯಾಮಪ್ಪ ಹರ್ತಿಯಿಂದ ಬೆಳಿಗ್ಗೆಯೇ ಬಂದಿದ್ದ.

"ಸಾವಕಾರ್ರ, ನಿಮಗ ಮಾತು ಕೊಟ್ಟ ಕೈ ಇನ್ನೂ ಮಣ್ಣಿಗೆ ಹೋಗಿಲ್ಲ. ಅದನ್ನ ಹಿಡದು ಹೇಳ್ರಿ. ನಾವೆಲ್ಲಾ ನಂಬತೀವಿ."

ಜನ ಮರ್ದಾನಸಾಬನ ಮುಖ ನೋಡಿದರು.

"ಕಫನ ಬಿಚ್ಚಾಂಗಿಲ್ಲ," ಎಂದ ಅವನು, ಯಾಕೋ ತಡವರಿಸುತ್ತ. "ಚಾದರದ ಕೆಳಗ ಕೈ ಹಾಕಿ ಕಫನದ ಮ್ಯಾಲಿಂದ ಮುಟ್ಟಲಿ."

"ಅದಕ್ಕೇನಾತು," ಎಂದು ಹುಚ್ಚೀರಪ್ಪ ಬಾಗಿ ಬಲಗೈಯನ್ನು ಚಾದರದ ಕೆಳಗೆ ಇಳಿಸಿದ. ಸಂತೆಯಲ್ಲಿ ಕಂಡಂತೆಯೇ ಕಂಡಿತು, ಬಟ್ಟೆ ಅಲುಗಿದ್ದು ಮಾತ್ರ.

"ಖಾಸಿಂಸಾಬ ನನಗ..." ಎಂದು ಶುರು ಮಾಡಿದವನು ನಿಂತ. ಭುಜ ಹಿಂದಕ್ಕೆ ಸರಿಯಿತು, ಕೈ ಬರಲಿಲ್ಲ. ಚಾದರ ಬಿಗಿಯಾಯಿತು. ಮಲ್ಲಿಗೆಯ ದಂಡೆಯೊಂದು ಜಾರಿ ನೆಲಕ್ಕೆ ಬಿತ್ತು. ಗಾಳಿ ಇರಲಿಲ್ಲ. ಮರ್ದಾನಸಾಬ ತನ್ನ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿ ಹಿಡಿದುಕೊಂಡ.

"ತಿಳೀತು ಬಿಡು," ಎಂದ ಹುಚ್ಚೀರಪ್ಪ, ಎದುರಿಗೆ ಕುಳಿತವನಿಗೆ ಹೇಳುವಂತೆ ಮೆಲ್ಲಗೆ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಬಿಡೋ ಮಾರಾಯಾ."

"ಏನಂದ್ರಿ?" ಪುಂಡಲೀಕಪ್ಪ ಕೇಳಿದ.

"ಜೋಡಿ ಆಗಿಲ್ಲ. ಅವ ಒಲ್ಲೆ ಅಂದಿದ್ದ. ನಾ ಸುಳ್ಳ ಹೇಳೀನಿ."

ಕೈ ಹೊರಗೆ ಬಂತು. ಯಾರಾದರೂ ನೋಡುವ ಮೊದಲೇ ಹುಚ್ಚೀರಪ್ಪ ಹೆಗಲ ಮೇಲಿನ ಟವೆಲ್ ಎಳೆದು ಅದರ ಮೇಲೆ ಹಾಕಿಕೊಂಡ. ಮರ್ದಾನಸಾಬ ಚಾದರ ಸರಿಪಡಿಸುವ ನೆಪದಲ್ಲಿ ಅಂಚು ಎತ್ತಿ ನೋಡಿದ. ಕಫನ ಸುತ್ತಿದ ಹಾಗೆಯೇ ಇತ್ತು, ಗಂಟುಗಳು ಕಟ್ಟಿದ ಹಾಗೆಯೇ ಇದ್ದವು. ಒಳಗಿನ ಬಲಗೈ ಮಾತ್ರ, ಬಟ್ಟೆಯ ಮೇಲಿಂದಲೇ ಕಾಣುವಂತೆ, ತೊಡೆಯ ಪಕ್ಕಕ್ಕೆ ಚಪ್ಪಟೆಯಾಗಿ ಮಲಗಿತ್ತು.

ಅಕ್ಬರಸಾಬನಿಗೆ ಆ ದಿನ ಮೊದಲ ಸಲ ಅಳು ಬಂತು. ದ್ಯಾಮಪ್ಪ ಹತ್ತಿರ ಬಂದು ಅವನ ಕುತ್ತಿಗೆಯ ಹಿಂದೆ ಅಂಗೈ ಇಟ್ಟು, ನಮಾಜು ಶುರುವಾಗುವವರೆಗೂ ಹಾಗೆಯೇ ನಿಂತಿದ್ದ.

*

ಮಧ್ಯಾಹ್ನ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಹುಚ್ಚೀರಪ್ಪ ಕಿಟಕಿಯ ಪಕ್ಕ ಕುಳಿತಿದ್ದ. ಮಣ್ಣು ಹಾಕುವಾಗಲೂ ಅವನು ಎಡಗೈಯಿಂದಲೇ ಹಾಕಿದ್ದನ್ನು ಒಂದಿಬ್ಬರು ಗಮನಿಸಿದ್ದರು. ಪಕ್ಕದ ಸೀಟು ಖಾಲಿ ಇತ್ತು. ಹತ್ತಿದ ಜನ ಅದನ್ನು ನೋಡಿ, ಯಾಕೋ ಮುಂದೆ ಹೋಗಿ ಬಾರು ಹಿಡಿದು ನಿಲ್ಲುತ್ತಿದ್ದರು.

ಕಂಡಕ್ಟರ್ ಶಿರಹಟ್ಟಿ ಕಡೆಯವನು, ಸಾಹುಕಾರನ ಗುರುತಿದ್ದವನು. ಟಿಕೀಟು ಹರಿಯುತ್ತ ನಕ್ಕ.

"ಏನ್ರಿ ಸಾವಕಾರ್ರ, ಬಸ್ಸಿನಾಗೂ ವ್ಯಾಪಾರ ಬಿಡವಲ್ರೆಲ್ಲ. ಯಾರ ಜೋಡಿ ನಡಸೀರಿ?"

ಹುಚ್ಚೀರಪ್ಪ ಎಡಗೈ ಚಾಚಿ ಟಿಕೀಟು ತೆಗೆದುಕೊಂಡ. ಕಂಡಕ್ಟರ್ ನಗುತ್ತಲೇ ಕೆಳಗೆ ನೋಡಿದ. ಸಾಹುಕಾರನ ತೊಡೆಯ ಮೇಲಿನ ಟವೆಲ್ ಎರಡು ಕೈಗಳ ಮೇಲೆ ಹೊದಿಸಿದಷ್ಟು ಉಬ್ಬಿತ್ತು.