ಅಕ್ಕನ ಲೆಕ್ಕ

ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಡ, ಅವಳ ಅಂಗೈ ಬೆವೆತು ಪೆನ್ನು ಜಾರಿತು. ಔಷಧಿ ಪ್ರಮಾಣದ ಲೆಕ್ಕ. ಎರಡು ಸಲ ಇದರಲ್ಲೇ ಫೇಲಾಗಿದ್ದಳು. ಈ ಸಲವೂ ಕೈಕೊಟ್ಟರೆ ನರ್ಸ್ ಆಗುವ ಆಸೆ ಬಿಟ್ಟು ಮಕ್ಕಳ ವಾರ್ಡಿನ ಆಯಾ ಕೆಲಸಕ್ಕೇ ಮರಳಬೇಕು. ಕ್ಲಾಸಿಗೆಲ್ಲ ಅವಳೇ ಹಿರಿಯಳು. ಹುಡುಗಿಯರ ಬಾಯಲ್ಲಿ ಅವಳು ‘ಅಕ್ಕ’. ಪಾಠ ಮಾಡುವ ಮೇಡಂ ಕೂಡ ವಯಸ್ಸಿನಲ್ಲಿ ಚಿಕ್ಕವರು. ಅವರೂ ಹಾಗೇ ಕರೆಯುತ್ತಿದ್ದರು.

ಅಂಕಿ ಕಂಡರೆ ಅಕ್ಕನಿಗೆ ಶಾಲೆಯ ಕರಿಹಲಗೆಯೇ ಎದುರು ಬಂದು ನಿಲ್ಲುತ್ತಿತ್ತು: ತಪ್ಪು ಉತ್ತರ, ಬೆನ್ನ ಹಿಂದಿನ ನಗು, ಕಿವಿ ಹಿಂಡುವ ಬೆರಳು. ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ ಅತ್ತೇಬಿಟ್ಟಿದ್ದಳು.

“ನನ್ನ ತಲೆಗೆ ಲೆಕ್ಕ ಹತ್ತಲ್ಲ ಮೇಡಂ.”

“ವಾರ್ಡಲ್ಲಿ ಮೂರು ಮಕ್ಕಳು ಒಟ್ಟಿಗೇ ಅತ್ತಾಗ ಏನ್ಮಾಡ್ತಿದ್ರಿ ಅಕ್ಕ?”

“ಮೊದಲು ಒಂದರ ಹತ್ರ ಕೂತು ಹಣೆ ಮುಟ್ಟಿ ನೋಡ್ತಿದ್ದೆ.”

“ಲೆಕ್ಕಾನೂ ಹಾಗೇ ನೋಡಿ. ಪೆನ್ನು ಕೆಳಗಿಡಿ. ಅದೇನು ಕೇಳ್ತಿದೆ ಅಂತ ನಿಮ್ಮ ಮಾತಲ್ಲೇ ಹೇಳ್ಕೊಳ್ಳಿ. ಉತ್ತರ ಬಂದ್ಮೇಲೆ ಆ ಔಷಧಿ ಕುಡಿಯೋ ಮಗೂನ ಒಂದ್ಸಲ ನೆನೆಸ್ಕೊಳ್ಳಿ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.”

ಆಮೇಲೆ ದಿನಾ ಸಂಜೆ ಇಬ್ಬರೂ ಕೂತು ಇದೇ ಅಭ್ಯಾಸ ಮಾಡಿದ್ದರು.

ಅಕ್ಕ ಪೆನ್ನು ಕೆಳಗಿಟ್ಟಳು. ಉದ್ದಕ್ಕೆ ಉಸಿರೆಳೆದು ಬಿಟ್ಟಳು. ಹನ್ನೆರಡು ಕಿಲೋ ತೂಕದ ಮಗು. ಕಿಲೋಗೆ ಹದಿನೈದು ಮಿಲಿಗ್ರಾಂ ಔಷಧಿ. ಐದು ಎಂಎಲ್ ಸಿರಪ್ಪಿನಲ್ಲಿ ಇರುವುದು ನೂರಿಪ್ಪತ್ತು ಮಿಲಿಗ್ರಾಂ. ಎಷ್ಟು ಎಂಎಲ್ ಕುಡಿಸಬೇಕು? ಗುಣಿಸಿದಳು, ಭಾಗಿಸಿದಳು. ಎಪ್ಪತ್ತೈದು.

ಪಕ್ಕದ ಹುಡುಗಿ ಆಗಲೇ ಹಾಳೆ ತಿರುವುತ್ತಿದ್ದಳು. ಅಕ್ಕನ ಕೈಯೂ ಹಾಳೆಯಂಚಿಗೆ ಹೋಗಿ, ತಡೆದು ನಿಂತಿತು. ಎಪ್ಪತ್ತೈದು? ವಾರ್ಡಿನ ಸಿರಪ್ ಬಾಟಲಿಯೇ ಅರವತ್ತು ಎಂಎಲ್‌ನದು! ‘ಅಯ್ಯೋ ಪುಣ್ಯಾತ್ಗಿತ್ತಿ, ಬಾಟಲಿ ಸಮೇತ ನುಂಗಿಸೋಕೆ ಹೊರಟಿದ್ದೀಯಲ್ಲೇ!’ ಅವಳಿಗೇ ನಗು ಬಂತು. ಲೆಕ್ಕ ನೋಡಿ ನಕ್ಕದ್ದು ಜನ್ಮದಲ್ಲೇ ಮೊದಲು. ಮಗುವಿಗೆ ಬೇಕಾದದ್ದು ನೂರೆಂಬತ್ತು ಮಿಲಿಗ್ರಾಂ. ನೂರಿಪ್ಪತ್ತಕ್ಕೆ ಐದು ಎಂಎಲ್. ಉಳಿದ ಅರವತ್ತಕ್ಕೆ ಅದರರ್ಧ, ಎರಡೂವರೆ. ಒಟ್ಟು ಏಳೂವರೆ. ಬಿಟ್ಟುಹೋಗಿದ್ದ ಬಿಂದುವನ್ನು ಏಳಕ್ಕೂ ಐದಕ್ಕೂ ನಡುವೆ ಒತ್ತಿ ಇಟ್ಟಳು. ಮುಂದಿನ ಪ್ರಶ್ನೆಗೆ ಅಂಗೈ ಬೆವರಲಿಲ್ಲ.

ಫಲಿತಾಂಶದ ದಿನ ಮೇಡಂ ಕಾರಿಡಾರಿನ ಆ ತುದಿಯಿಂದಲೇ ಕೂಗಿದರು. “ಅಕ್ಕಾ! ಒಂದೂ ತಪ್ಪಿಲ್ಲ ರೀ, ಒಂದೂ!”

ಹುಡುಗಿಯರು ಅವಳನ್ನು ಎತ್ತಿ ಗಿರ್ರನೆ ತಿರುಗಿಸಿದರು. “ಬಿಡ್ರೇ, ಸೊಂಟ ಹೋಯ್ತು!” ಎಂದು ಅವಳು ಕಿರುಚುತ್ತಿರುವಾಗಲೇ ಚಪ್ಪಲಿಯೊಂದು ಕಳಚಿ ಎಲ್ಲೋ ಹಾರಿತು. ಕೆಳಗಿಳಿದ ಅಕ್ಕ ಅದನ್ನು ಹುಡುಕಲಿಲ್ಲ. ಒಂಟಿ ಚಪ್ಪಲಿಯಲ್ಲೇ ನೋಟಿಸ್ ಬೋರ್ಡಿನ ಮುಂದೆ ನಿಂತು, ತನ್ನ ಹೆಸರಿನ ಎದುರಿಗಿದ್ದ ಅಂಕಿಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಓದಿಕೊಂಡಳು. ಮತ್ತೆ ಓದಿದಳು.