ಪಾವಗಡ ಬಸ್ಸಿನ ಮೇಲೆ ತಾಂಡ್ರ

ಈಶ್ವರಮ್ಮ ಪೊರಕೆ ಹಿಡಿದು ತಾರಸಿಗೆ ಬಂದಾಗ ದೊಡ್ಡ ಕೋತಿಯೊಂದು ಪಂಚೆ ಹೊದ್ದುಕೊಂಡು ನೀರಿನ ಟ್ಯಾಂಕಿನ ಮೇಲೆ ಕೂತಿತ್ತು. ಪಂಚೆಗೆ ಅಂಟಿದ್ದ ಮಾವಿನ ರಸವನ್ನು ಅವಸರವಿಲ್ಲದೆ ಕೆರೆದು ಕೆರೆದು ನೆಕ್ಕುತ್ತಿತ್ತು. ಅದರ ಸಂಸಾರವೆಲ್ಲ ಪ್ಯಾರಾಪೆಟ್ ಗೋಡೆಯ ಮೇಲೆ ಸಾಲಾಗಿ ಕೂತು ತನ್ನ ಸರದಿಗೆ ಕಾಯುತ್ತಿತ್ತು. ಕಾವಲಿಗೆಂದು ಕೂತಿದ್ದ ಗಂಡ ಕದರಪ್ಪ ಮಾತ್ರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

"ಏನ್ರೀ! ನಿಮ್ ಪಂಚೆ ಉಟ್ಕೊಂಡು ಕೂತದೆ ನೋಡ್ರಿ ಅಲ್ಲಿ!"

ಕದರಪ್ಪ ಗಡಬಡಿಸಿ ಎದ್ದವನು ಮೊದಲು ತನ್ನ ಸೊಂಟ ಮುಟ್ಟಿ ನೋಡಿಕೊಂಡ. ಅದನ್ನು ನೋಡಿ ಮೆಟ್ಟಿಲ ಬಳಿ ನಿಂತಿದ್ದ ಸೊಸೆ ಸಹನಾಳಿಗೆ ನಗು ತಡೆಯಲಾಗಲಿಲ್ಲ. ಈಶ್ವರಮ್ಮ ಅವಳ ಕಡೆ ಕಣ್ಣು ಬಿಟ್ಟಳು. ಆಮೇಲೆ ಕೋತಿಯನ್ನೂ ಗಂಡನನ್ನೂ ಒಂದೊಂದು ಸಲ ನೋಡಿ ಅವಳೂ ಪೊರಕೆ ಕೆಳಗಿಟ್ಟು ನಕ್ಕುಬಿಟ್ಟಳು.

ಮಾವಿನ ರಸ ತೆಗೆದು, ಬೆಲ್ಲ ಬೆರೆಸಿ, ಹಾಸಿದ ಪಂಚೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಿ, ಅದರ ಮೇಲೆ ಮತ್ತೊಂದು ಪದರ, ಮತ್ತೊಂದು ಪದರ ಹೀಗೆ ಏರಿಸುತ್ತ ಹೋದರೆ ತಾಂಡ್ರವಾಗುತ್ತದೆ. ಈಶ್ವರಮ್ಮ ಹುಟ್ಟಿದ ನಾಗಲಮಡಿಕೆ ಕಡೆ ಮಾವು ಬಂತೆಂದರೆ ಮನೆಮನೆಯ ಅಂಗಳದಲ್ಲೂ ಇದೇ ಕೆಲಸ. ಮದುವೆಯಾಗಿ ಮಧುಗಿರಿಗೆ ಬಂದ ಮೇಲೆ ಮಾತ್ರ ಅವಳ ತಾಂಡ್ರಕ್ಕೆ ಗ್ರಹಚಾರ ಹಿಡಿಯಿತು. ಮನೆ ಬೆಟ್ಟದ ಬುಡದಲ್ಲಿ, ಬೆಟ್ಟವೋ ಕೋತಿಗಳದ್ದು. ಈ ವರ್ಷವಂತೂ ಕೊರಟಗೆರೆಯ ಬೀಗರು, ಅಂದರೆ ಸಹನಾಳ ಅಪ್ಪ, ನಾರಿಲ್ಲದ ರಸಭರಿತ ನಾಟಿ ಹಣ್ಣನ್ನು ಕ್ರೇಟುಗಟ್ಟಲೆ ಕಳಿಸಿದ್ದರು. ಒಳಗೆ ಅಡುಗೆಮನೆಯಲ್ಲಿ ಇನ್ನೂ ಅರ್ಧಕ್ಕರ್ಧ ಹಣ್ಣು ಘಮ್ಮೆನ್ನುತ್ತ ಕಾಯುತ್ತಿತ್ತು.

ಮಗ ಮುತ್ತುರಾಜ್ ಊಟಕ್ಕೆ ಬಂದ. ಮಧುಗಿರಿ–ಪಾವಗಡ ನಡುವೆ ಓಡುವ ಪ್ರೈವೇಟ್ ಬಸ್ಸಿಗೆ ಅವನು ಡ್ರೈವರ್. ಕೋತಿಯ ಕತೆ ಕೇಳಿ ತುತ್ತು ನೆತ್ತಿಗೇರಿಸಿಕೊಂಡು ಕೆಮ್ಮಿ, ನೀರು ಕುಡಿದು ಹೇಳಿದ:

"ನನ್ ಬಸ್ ಟಾಪ್ ಮೇಲೆ ಹಾಕ್ಬುಡವ್ವ. ಓಡೋ ಬಸ್ಸಿಗೆ ಯಾವ ಕೋತಿ ಹತ್ತುತ್ತೆ ನೋಡೇ ಬುಡಾಣ!"

ಕದರಪ್ಪ ನಕ್ಕ. ಸಹನಾ ನಕ್ಕಳು. ಈಶ್ವರಮ್ಮ ನಗಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ಹಾಗೇ ನಿಂತಿತು.

"ಪಾವಗಡದಲ್ಲಿ ಎಂಥಾ ಬಿಸಿಲು," ಅಂದಳು ಮೆಲ್ಲಗೆ. "ಸೋಲಾರ್ ಹಾಕಿ ಆ ಬಿಸಿಲಲ್ಲಿ ಕರೆಂಟ್ ಬೆಳೀತಾವ್ರೆ. ತಾಂಡ್ರ ಒಣಗಲ್ವಾ?"

"ಅವ್ವಾ, ನಾನು ತಮಾಷೆಗೆ ಅಂದಿದ್ದು."

"ನಾನು ತಮಾಷೆ ಮಾಡ್ತಿಲ್ಲ ಕಣ್ಲಾ."

ಸಹನಾ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರ್, ರಜೆಯಲ್ಲಿದ್ದಳು. ಗಂಡ ತನ್ನ ಕಡೆ ಆಸೆಯಿಂದ ನೋಡಿದರೆ ಅವಳು, "ಬಿಸಿಲು ಜೊತೆಗೆ ಗಾಳಿ. ಅತ್ತೆ ಹೇಳೋದು ಸರೀನೇ. ಮೇಲೆ ಸೊಳ್ಳೆಪರದೆ ಕಟ್ಟಿದ್ರೆ ಧೂಳೂ ಬೀಳಲ್ಲ," ಎಂದುಬಿಟ್ಟಳು. ಮುತ್ತುರಾಜ್ ಕೊನೆಯ ಆಸೆಯಾಗಿ ಬಸ್ಸಿನ ಮಾಲೀಕ ಗೌರೀಶ್‌ಗೆ ಫೋನ್ ಮಾಡಿ, ಅವರಾದರೂ ಬೇಡವೆನ್ನಲಿ ಎಂದು ಸ್ಪೀಕರ್ ಹಾಕಿದ. ಆ ಕಡೆಯಿಂದ, "ಟಾಪ್ ಮೇಲೆ ಕುರಿ ಹಾಕ್ತಾರೆ, ಕಬ್ಬಿಣ ಹಾಕ್ತಾರೆ, ಮಾವಿನಹಣ್ಣಿಗೇನಪ್ಪ ಬಂತು? ನಮ್ಮನೇಗೂ ಒಂದ್ ತುಂಡು ಕಳ್ಸು," ಎಂದು ಕೇಳಿಸಿತು.

ಸಂಜೆಯೆಲ್ಲ ಮನೆಯಲ್ಲಿ ಹಬ್ಬ. ಈಶ್ವರಮ್ಮ ಹಣ್ಣು ಹಿಂಡಿದಳು, ಸಹನಾ ಸೋಸಿದಳು, ಕದರಪ್ಪ ಯಾರೂ ನೋಡದಾಗ ಓಟೆ ಚೀಪಿದ. ಮದುವೆ ಅಡುಗೆ ಮಾಡುವ ಪರಿಚಯದವರಿಂದ ದೊಡ್ಡ ಸ್ಟೀಲ್ ತಟ್ಟೆ ಬಂತು. ತುಪ್ಪ ಸವರಿ ಮೊದಲ ಪದರ ಹರಡಿದ್ದಾಯಿತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಟ್ಟೆಯನ್ನು ಟಾಪಿಗೆ ಕಟ್ಟುವ ಕೆಲಸ ಕದರಪ್ಪನದು. ಲೈನ್‌ಮನ್ ಆಗಿ ರಿಟೈರ್ ಆದವನು ಅವನು. ಏಣಿ ಕಂಡರೆ ಈಗಲೂ ಕಾಲು ಕುಣಿಯುತ್ತಿದ್ದವು. ಸರಸರನೆ ಹತ್ತಿ ಕಂಬಕ್ಕೆ ತಂತಿ ಬಿಗಿಯುವಂತೆ ಬಿಗಿದು, ಸೊಳ್ಳೆಪರದೆ ಎಳೆದು, ಕೆಳಗೆ ನೆರೆದಿದ್ದ ಜನಕ್ಕೆ ಕೈ ಬೀಸಿದ.

"ಯಾರದಪ್ಪ ಮೇಲೆ, ಮದುಮಗಳಾ?" ಎಂದು ಕಡಲೆಕಾಯಿ ಮಾರುವವಳು ಕೇಳಿದಳು.

ಈಶ್ವರಮ್ಮ ಮುಂದಿನ ಸೀಟಿನಲ್ಲಿ ಕೂತಳು. ಮಗ ಓಡಿಸುವ ಬಸ್ಸಿನಲ್ಲಿ ಹೀಗೆ ಅವನ ಪಕ್ಕದಲ್ಲೇ ಕೂತು ಹೋಗಿದ್ದು ಅದೇ ಮೊದಲು. ಮರದ ಕೊಂಬೆ ಬಗ್ಗಿದ ಕಡೆಯೆಲ್ಲ "ಬಗ್ಸೋ, ಬಗ್ಸೋ!" ಎಂದು ಕೂಗಿದಳು.

"ಬಸ್ ಎಂಗವ್ವ ಬಗ್ಸೋದು?"

ಹಂಪ್ ಬಂದಾಗಲೆಲ್ಲ ಎರಡೂ ಕೈಯಿಂದ ತನ್ನ ತಲೆ ಹಿಡಿದುಕೊಂಡಳು, ತಟ್ಟೆ ಅಲ್ಲೇ ಇದೆಯೇನೋ ಎಂಬಂತೆ. ಸ್ಟಾಪು ಬಂದರೆ ಇಳಿದು, ರಸ್ತೆಯಾಚೆ ಹೋಗಿ ನಿಂತು, ಹಿಮ್ಮಡಿ ಎತ್ತಿ ಟಾಪು ನೋಡಿ ಬರುವಳು. ಆಸೆ ಹೆಚ್ಚಾಗಿ ಬಸ್‌ಸ್ಟ್ಯಾಂಡಿನಲ್ಲೇ ಎರಡನೇ ಪದರವನ್ನೂ ಸುರಿದಿದ್ದಳು. ಅದು ತುಸು ದಪ್ಪವೇ ಆಗಿತ್ತು. ಮಿಡಿಗೇಶಿ ದಾಟಿ ಬಸ್ಸು ಒಂದು ತಿರುವಿನಲ್ಲಿ ವಾಲಿದಾಗ, ಕಿಟಕಿಯಾಚೆ ಕೈ ಇಟ್ಟುಕೊಂಡಿದ್ದ ಸಣ್ಣರಂಗಯ್ಯನೆಂಬ ಮುದುಕನ ಮೊಣಕೈಗೆ ಏನೋ ತೊಟಕ್ಕೆಂದು ಬಿತ್ತು. ಅವನು ಮೂಸಿ ನೋಡಿದ. ನೆಕ್ಕಿ ನೋಡಿದ. ಆಮೇಲೆ ಗಂಭೀರವಾಗಿ ಮುಂದಕ್ಕೆ ಕೂಗಿದ:

"ಡ್ರೈವರಪ್ಪ, ನಿಮ್ ಬಸ್ ಆಯಿಲ್ ಲೀಕ್ ಆಗ್ತೈತೆ. ಆದ್ರೆ ನಿಲ್ಲಿಸ್ಬ್ಯಾಡ ಬುಡು, ರುಚಿಯಾಗೈತೆ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಪ್ರಸನ್ನ ಕುಮಾರ್ ಅಂದಿನಿಂದ ಸ್ಟ್ಯಾಂಡಿನಲ್ಲಿ "ಪಾವಗಡ, ಪಾವಗಡ, ತಾಂಡ್ರ ಬಸ್, ಪಾವಗಡ!" ಎಂದೇ ಕೂಗತೊಡಗಿದ.

ಮರುದಿನ ಈಶ್ವರಮ್ಮ ಮನೆಯಲ್ಲೇ ಉಳಿದು ಉಳಿದ ಹಣ್ಣಿನ ರಸ ತೆಗೆದಳು. ಕಾವಲಿಗೆ ಪ್ರಸನ್ನ ಕುಮಾರ್ ಇದ್ದ. ಸಂಜೆ ಕದರಪ್ಪ ತಟ್ಟೆ ಇಳಿಸಿ ತಂದಾಗ ಅವಳು ಪರದೆ ಸರಿಸಿ ನೋಡಿದಳು. ತಾನು ಬೆಳಿಗ್ಗೆ ಸುರಿದಿದ್ದು ಅರಿಶಿನದ ಬಣ್ಣ. ಈಗ ಮೇಲಿದ್ದದ್ದು ಕಡುಗೆಂಪು. ಚೂರು ಕಿತ್ತು ಬಾಯಿಗೆ ಹಾಕಿಕೊಂಡಳು. ಮೊದಲು ಸಿಹಿ, ಹಿಂದೆಯೇ ನಾಲಿಗೆ ಚುರ್ರೆಂದಿತು.

"ಮೆಣಸಿನಕಾಯಿ!" ಎಂದಳು. "ಮಾವಿಗೆ ಮೆಣಸಿನಕಾಯಿ ಹಾಕೋಳು ಈ ಭೂಮಿ ಮೇಲೆ ಒಬ್ಳೇ!"

ಆ ಒಬ್ಬಳು ಅವಳ ಅಕ್ಕ ರಾಧಾಮಣಿ. ಪಾವಗಡ ಬಸ್‌ಸ್ಟ್ಯಾಂಡಿನ ಹಿಂದೆಯೇ ಅವಳ ಮನೆ. ಮುತ್ತುರಾಜನ ಮದುವೆಯಲ್ಲಿ ಈಶ್ವರಮ್ಮ ಹೆಮ್ಮೆಯಿಂದ ಎಲೆಗೊಂದು ತುಂಡು ತಾಂಡ್ರ ಬಡಿಸಿದ್ದಳು. ರಾಧಾಮಣಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಪಂಕ್ತಿಗೆಲ್ಲ ಕೇಳುವಂತೆ, "ಏಮೇ ಈಶ್ವರೀ, ಚಪ್ಪಲಿ ಅಟ್ಟೆನ ಎಲೆ ಮ್ಯಾಲೆ ಯಾಕೆ ಮಡಗಿದ್ದೀಯ?" ಎಂದಿದ್ದಳು. ಬೀಗರೂ ನಕ್ಕಿದ್ದರು. ಅವತ್ತಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ.

ಮುತ್ತುರಾಜ್ ತಲೆ ಕೆರೆದುಕೊಂಡ. "ಬಸ್ ನಿಂತಿತ್ತವ್ವ. ದೊಡ್ಡವ್ವ ಪಾತ್ರೆ ಹಿಡ್ಕೊಂಡು ಬಂದು ಸೀದಾ ಏಣಿ ಹತ್ತುಬುಟ್ರು. ನಾನೇನ್ ಕಾಲು ಹಿಡಿದು ಎಳೀಲಾ?"

"ಏನಂದ್ಲು?"

"ಏನೂ ಇಲ್ಲ. 'ಬರೀ ಸಪ್ಪೆ' ಅಂದ್ರು."

ಈಶ್ವರಮ್ಮನ ಮೂಗು ಕೆಂಪಾಯಿತು. ಆ ಗಳಿಗೆಯಲ್ಲೇ ಏಲಕ್ಕಿ ಡಬ್ಬಿ ತೆಗೆದಳು. ಮರುದಿನ ಬೆಳಿಗ್ಗೆ ಬಸ್ಸಿನ ಮೇಲೆ ಹೋದ ಪದರ ಬಸ್‌ಸ್ಟ್ಯಾಂಡಿಗೆಲ್ಲ ಏಲಕ್ಕಿ ಘಮ ಹರಡಿತು. ಸಂಜೆ ಅದರ ಮೇಲೆ ಶುಂಠಿಯ ಪದರ ಬಂತು. ಈಶ್ವರಮ್ಮ ತೆಂಗಿನ ತುರಿ ಹುರಿದು ಉದುರಿಸಿದಳು. ರಾಧಾಮಣಿ ಎಳ್ಳು ಕಳಿಸಿದಳು. ಫೋನಿಲ್ಲ, ಮಾತಿಲ್ಲ, ಜಗಳವೆಲ್ಲ ಬಸ್ಸಿನ ಟಾಪಿನ ಮೇಲೆಯೇ ನಡೆಯಿತು. ದಿನವೂ ಓಡಾಡುವ ಪ್ರಯಾಣಿಕರು ಎರಡು ಪಕ್ಷವಾದರು. ಸಣ್ಣರಂಗಯ್ಯ ಶುಂಠಿಯ ಕಡೆ. ಮಿಡಿಗೇಶಿಯಿಂದ ಹತ್ತುವ ನರ್ಸ್ ಅಶ್ವಿನಿ ಏಲಕ್ಕಿಯ ಕಡೆ. ಅಡುಗೆಮನೆಯಲ್ಲಿ ಈಶ್ವರಮ್ಮ ಬೈಯುತ್ತ ಬೈಯುತ್ತಲೇ ಹಾಡು ಗುನುಗುವುದನ್ನು ಸಹನಾ ಕೇಳಿಸಿಕೊಂಡಳು.

ಕಡೆಗೊಂದು ದಿನ ಹಣ್ಣು ಮುಗಿಯಿತು. ತಾಂಡ್ರ ತಟ್ಟೆಯ ಅಂಚು ಮುಟ್ಟಿತ್ತು. ಈಶ್ವರಮ್ಮ ಒಳ್ಳೆಯ ಸೀರೆ ಉಟ್ಟು, ಈಳಿಗೆಮಣೆಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

"ಅತ್ತೆ, ಈಳಿಗೆಮಣೆ ಯಾಕೆ?" ಸಹನಾ ಹಿಂದೆಯೇ ಹತ್ತಿದಳು.

"ಕುಯ್ಯಕ್ಕೆ."

"ಏನನ್ನ?"

"ಅಲ್ಲಿಗೆ ಹೋದ್ಮೇಲೆ ನೋಡಾಣ."

ಪಾವಗಡದಲ್ಲಿ ಬಸ್ಸು ನಿಲ್ಲುವ ಮೊದಲೇ ರಾಧಾಮಣಿ ಸ್ಟ್ಯಾಂಡಿನಲ್ಲಿದ್ದಳು. ಅವಳ ಕೈಯಲ್ಲೂ ಒಂದು ಚಾಕು ಇತ್ತು. ಮುತ್ತುರಾಜ್ ಎಂಜಿನ್ ಆಫ್ ಮಾಡುವುದನ್ನೂ ಮರೆತು ನೋಡಿದ.

"ಏಮೇ," ಎಂದಳು ರಾಧಾಮಣಿ.

"ಏನಕ್ಕಾ," ಎಂದಳು ಈಶ್ವರಮ್ಮ.

ಎರಡು ವರ್ಷದ ಮೇಲೆ ಆಡಿದ ಮೊದಲ ಮಾತು ಅಷ್ಟೇ. ತಟ್ಟೆ ಇಳಿಯಿತು. ಕುಯ್ಯುವುದು ಯಾರೆಂದು ಆರಂಭವಾಯಿತು. "ನಾನು ದೊಡ್ಡೋಳು." "ಹಣ್ಣು ನಂದು." "ಬಿಸಿಲು ನಂದು ಕಣೇ, ಈ ಪಾವಗಡದ ಬಿಸಿಲು!" ಸಹನಾ ಇಬ್ಬರ ನಡುವೆ ನುಗ್ಗಿ, ಈಳಿಗೆಮಣೆಗೆ ತುಪ್ಪ ಸವರಿ, ತಾನೇ ಎರಡು ತುಂಡು ಕುಯ್ದು ಅವರ ಬಾಯಿಗಿಟ್ಟುಬಿಟ್ಟಳು. ತುಂಡಿನ ಅಂಚಿನಲ್ಲಿ ಹಳದಿ, ಕೆಂಪು, ಹಳದಿ, ಕೆಂಪು ಗೆರೆಗಳು ಮಗ್ಗದ ಸೀರೆಯ ಅಂಚಿನಂತೆ ಹೊಳೆದವು.

ರಾಧಾಮಣಿ ಅಗಿದಳು. ಏನೋ ಹೇಳಲು ಹೋದಳು. ಬಾಯಿ ತೆರೆಯಲಿಲ್ಲ. ಅಷ್ಟು ಪದರ, ಅಷ್ಟು ಬೆಲ್ಲ, ಅಷ್ಟು ಬಿಸಿಲು. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡುಬಿಟ್ಟಿತ್ತು. ಈಶ್ವರಮ್ಮ ಅಕ್ಕನ ಮುಖ ನೋಡಿ ನಗಲು ಹೋದರೆ ಅವಳ ಬಾಯಿಯೂ ಬಿಡಲಿಲ್ಲ. ಇಬ್ಬರೂ ಮೂಗಿನಲ್ಲೇ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಸಿದರು. ಕೊನೆಗೆ ರಾಧಾಮಣಿ ದವಡೆ ಬಿಡಿಸಿಕೊಂಡು, "ಚೆನ್ನಾಗೈತೆ," ಎಂದಳು. "ಅವತ್ತಿಂದೂ ಚೆನ್ನಾಗೇ ಇತ್ತು ಕಣೇ. ಅಷ್ಟು ಜನ ನಿನ್ನ ಹೊಗಳ್ತಾ ಇದ್ರಲ್ಲ, ನಂಗೆ ತಡೀಲಿಲ್ಲ."

"ಚಪ್ಪಲಿ ಅಟ್ಟೆ ಅಂದ್ಯಲ್ಲಕ್ಕ."

"ಅಂದೆ. ಬೈಯ್ಯಿ ಈಗ."

"ಬಾಯ್ ಬಿಡಲ್ವಲ್ಲ!" ಎಂದು ಈಶ್ವರಮ್ಮ ಮತ್ತೆ ನಗತೊಡಗಿದಳು.

ಪ್ರಸನ್ನ ಕುಮಾರ್ ವಿಸಲ್ ಊದಿದ. ರಾಧಾಮಣಿ ಎದ್ದವಳು ಮನೆಯ ಕಡೆ ಹೋಗಲಿಲ್ಲ. ತಂಗಿಯ ಹಿಂದೆ ಬಸ್ಸು ಹತ್ತಿದಳು. ಕಿಟಕಿಯಿಂದ ಪಕ್ಕದ ಮನೆಯವಳಿಗೆ, "ನಮ್ಮನೆಯೋರಿಗೆ ಹೇಳಮ್ಮ, ಸಾರು ಒಲೆ ಮ್ಯಾಲೈತೆ, ನಾನು ಮಧುಗಿರೀಲಿರ್ತೀನಿ!" ಎಂದು ಕೂಗಿದಳು. ಅಕ್ಕತಂಗಿಯರು ತಟ್ಟೆಯನ್ನು ಮಡಿಲ ಮೇಲಿಟ್ಟುಕೊಂಡು ಕೂತರು. ಸಹನಾ ಸೀಟು ಸೀಟಿಗೂ ಹೋಗಿ ತುಂಡು ಹಂಚಿದಳು. ಶುಂಠಿ ಪಕ್ಷ, ಏಲಕ್ಕಿ ಪಕ್ಷ ಎರಡೂ ಸುಮ್ಮನೆ ಕೈ ಚಾಚಿದವು. ಸಣ್ಣರಂಗಯ್ಯ ಎರಡು ತುಂಡು ಕೇಳಿ ಇಸಿದುಕೊಂಡ.

ಸ್ವಲ್ಪ ಹೊತ್ತಿಗೆ ಬಸ್ಸು ಎಂದೂ ಇಲ್ಲದಷ್ಟು ಮೌನವಾಯಿತು. ಎಲ್ಲರೂ ಅಗಿಯುತ್ತಿದ್ದರು. ಮಿಡಿಗೇಶಿ ಬಂತು. ಪ್ರಸನ್ನ ಕುಮಾರ್ ಕೂಗಲು ಹೋದ.

"ಮ್ಮ್ಮ್... ಮ್ಮ್ಮ್!"

ಮುತ್ತುರಾಜ್‌ಗೆ ಅರ್ಥವಾಗಲಿಲ್ಲ, ಸ್ಟಾಪು ದಾಟಿತು. ಇಳಿಯಬೇಕಾಗಿದ್ದ ಅಶ್ವಿನಿ ಎದ್ದು ನಿಂತು "ಮ್ಮ್ಮ್!" ಎಂದಳು. ಅವಳ ಹಿಂದಿದ್ದವರೂ ಎದ್ದು "ಮ್ಮ್ಮ್!" ಎಂದರು. ವಿಸಲ್ ಊದೋಣವೆಂದರೆ ಕಂಡಕ್ಟರನ ತುಟಿ ಬಿಡುತ್ತಿಲ್ಲ. ಇಡೀ ಬಸ್ಸು ಸೀಟು ಬಡಿಯುತ್ತ, ಕಂಬಿ ಬಡಿಯುತ್ತ, ಮೂಗಿನಲ್ಲಿ ನಗುತ್ತಿತ್ತು. ಮುತ್ತುರಾಜ್ ಬ್ರೇಕ್ ಹಾಕಿ ಹಿಂತಿರುಗಿ ನೋಡಿದರೆ ಅವ್ವನೂ ದೊಡ್ಡವ್ವನೂ ತಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಅಲುಗಾಡುತ್ತಿದ್ದರು. ಏನಾಯಿತೆಂದು ಕೇಳಿದ. ಈಶ್ವರಮ್ಮ ಉತ್ತರಕ್ಕೆ ಬದಲು ಒಂದು ದೊಡ್ಡ ತುಂಡು ಕಿತ್ತು ಮಗನ ಬಾಯಿಗೆ ತುರುಕಿದಳು.